ಬಡಾವಣೆಯ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸು ಅಂತಿದ್ದಾರೆ, ಒಪ್ಪಿಕೊಳ್ಳಲಾ?

ನಿಮ್ಮ ಪ್ರಶ್ನೆ ಉದ್ದ ಇದೆ, ನನಗೆ ಅರ್ಥವಾಗಿದ್ದು ಇಷ್ಟು. ಕಾಲೇಜಿನಲ್ಲಿ ಸ್ವಲ್ಪ ಗಿಟಾರ್ ಕಲಿತಿದ್ದಿರಿ. ಈಗ ವಯಸ್ಸು ನಲವತ್ತರ ಹತ್ತಿರ. ಬಡಾವಣೆಯ ಗೆಳೆಯರು ಹಳೆಯ ಸಿನಿಮಾ ಹಾಡುಗಳ ತಂಡ ಕಟ್ಟಿದ್ದಾರೆ. ಗಿಟಾರಿಗೆ ಆಗಲೇ ಇಬ್ಬರಿದ್ದಾರೆ, ಅದಕ್ಕೇ ನಿಮಗೆ ಬಾಸ್, ಅಂದರೆ ಕೆಳಗಿನ ಸ್ವರಗಳ ದಪ್ಪ ತಂತಿಯ ಗಿಟಾರ್, ನುಡಿಸಿ ಅಂತಿದ್ದಾರೆ. ಇದು ಸುಮ್ನೆ ಮೂಲೆಗೆ ಕೂರಿಸುವ ಉಪಾಯವಾ, ಜನಕ್ಕೆ ಅದು ಕೇಳಿಸುತ್ತಾ, ಯೂಟ್ಯೂಬ್ ನೋಡಿ ಕಲಿತರೆ ಸಾಕಾ, ನಾಲ್ಕು ತಂತಿಯದ್ದು ಕೊಳ್ಳಬೇಕಾ ಐದರದ್ದಾ?

ಒಪ್ಪಿಕೊಳ್ಳಿ. ಆದರೆ ಯೂಟ್ಯೂಬ್ ಪಾಠಗಳಲ್ಲಿ ಹೇಳುವ ಕೆಲಸಕ್ಕೂ ನಮ್ಮ ತಂಡಗಳಲ್ಲಿ ಬಾಸಿನವನು ಮಾಡುವ ಕೆಲಸಕ್ಕೂ ಸಾಕಷ್ಟು ವ್ಯತ್ಯಾಸ ಇದೆ. ಅದನ್ನು ತಿಳಿದುಕೊಂಡು ಒಪ್ಪಿಕೊಳ್ಳಿ.

ನಾನು ಮೈಸೂರಿನವನು, ಇಂಥದೇ ಒಂದು ತಂಡದಲ್ಲಿ ಬಾಸ್ ನುಡಿಸುತ್ತೇನೆ. ಎಲ್ಲರಿಗೂ ಬೇರೆ ಬೇರೆ ಉದ್ಯೋಗ. ಗಣೇಶನ ಪೆಂಡಾಲ್, ರಾಜ್ಯೋತ್ಸವ, ಯಾರದೋ ನಿವೃತ್ತಿ ಸಮಾರಂಭ, ನೆಂಟರ ಆರತಕ್ಷತೆ. ಕೊಡುವುದು ಊಟ, ಒಂದು ಶಾಲು, ಅದೃಷ್ಟ ಇದ್ದರೆ ಪೆಟ್ರೋಲಿನ ದುಡ್ಡು. ದುಡ್ಡಿನ ಲೆಕ್ಕ ಹಾಕುವವರಿಗೆ ಇದು ಆಗಿಬರುವುದಿಲ್ಲ.

ಇಂಗ್ಲಿಷ್ ಪಾಠಗಳಲ್ಲಿ ಮೊದಲು ಕೇಳಿಬರುವ ಮಾತು ಒಂದೇ: ಬಾಸ್ ಮತ್ತು ಡ್ರಮ್ಸ್ ಜೋಡಿ, ದೊಡ್ಡ ಡ್ರಮ್ಮನ್ನು ಒದೆಯುವ ಡ್ರಮ್ಮರ್‌ನ ಕಾಲನ್ನೇ ನೋಡುತ್ತಾ ನುಡಿಸಿ. ರಾಕ್ ಬ್ಯಾಂಡಿಗೆ ಅದು ಸರಿ. ನಮ್ಮ ರಸಮಂಜರಿ ತಂಡಗಳಲ್ಲಿ ಡ್ರಮ್ ಸೆಟ್ ಇರುವುದೇ ಅಪರೂಪ. ಒಬ್ಬರು ರಿದಂ ಪ್ಯಾಡ್, ಒಬ್ಬರು ತಬಲಾ, ಇನ್ನೊಬ್ಬರು ಢೋಲಕ್. ಇವರೆಲ್ಲರಿಗಿಂತ ಮುಖ್ಯವಾಗಿ ಕೀಬೋರ್ಡಿನವರು ಒಬ್ಬರು ಇರುತ್ತಾರೆ. ಪಿಟೀಲು, ಕೊಳಲು, ವೀಣೆ ಎಲ್ಲ ಅವರೇ. ಬಾಸ್ ಕೂಡ ಅವರೇ! ಇಷ್ಟು ದಿನ ನಿಮ್ಮ ತಂಡದ ಬಾಸ್ ಎಲ್ಲಿತ್ತು ಅಂದರೆ ಅವರ ಎಡಗೈಯಲ್ಲಿತ್ತು.

ಹಾಗಾಗಿ ನಿಮ್ಮ ಮೊದಲ ಕೆಲಸ ಬೆರಳಿನದಲ್ಲ, ಮಾತಿನದು. ಪ್ರಾಕ್ಟೀಸ್ ಶುರುವಾಗುವ ಮೊದಲೇ ಕೀಬೋರ್ಡಿನವರ ಜೊತೆ ಕೂತು ಮಾತಾಡಿ. ಅವರ ಎಡಗೈ ಕೆಳಗಿನ ಮನೆಗಳಲ್ಲಿ ಓಡಾಡುತ್ತಿದ್ದು, ನೀವೂ ಅಲ್ಲೇ ಇದ್ದರೆ ಎಲ್ಲ ಕಲಸುಮೇಲೋಗರ. ಇಬ್ಬರೂ ಒಂದೇ ಸ್ವರ ಹಿಡಿದರೂ ಮಬ್ಬಾಗಿ ಕೇಳುತ್ತದೆ, ಬೇರೆ ಬೇರೆ ಸ್ವರ ಹಿಡಿದರಂತೂ ಕೇಳಲೇಬೇಡಿ. ಅನುಭವ ಇರುವವರು ‘ನೀನು ನೋಡ್ಕೊ, ನಾನು ಎಡಗೈ ಮೇಲೆತ್ತುತ್ತೇನೆ’ ಅಂತ ಬಿಟ್ಟುಕೊಡುತ್ತಾರೆ. ಕೆಲವರಿಗೆ ಇದು ಕಷ್ಟ. ವರ್ಷಗಟ್ಟಲೆಯ ಅಭ್ಯಾಸ ನೋಡಿ, ಕೈ ತಾನಾಗಿ ಕೆಳಗೆ ಹೋಗುತ್ತದೆ. ಅಂಥವರ ಜೊತೆ ಜಗಳ ಬೇಡ. ಹಾಡಿನ ಲೆಕ್ಕದಲ್ಲಿ ಹಂಚಿಕೊಳ್ಳಿ. ನಿಮಗೆ ಗಟ್ಟಿಯಾಗಿ ಬರುವ ಹಾಡುಗಳಲ್ಲಿ ಅವರು ಎತ್ತಲಿ, ಉಳಿದದ್ದರಲ್ಲಿ ನೀವು ಬರೀ ಮೊದಲ ಏಟಿಗೆ ಒಂದು ರೂಟ್ ನೋಟ್, ಅಂದರೆ ಆ ಕಾರ್ಡ್‌ನ ಮೂಲ ಸ್ವರ, ಹಿಡಿದು ಸುಮ್ಮನಿರಿ. ಕೆಲವು ತಿಂಗಳಲ್ಲಿ ಅವರಿಗೇ ಎಡಗೈ ಖಾಲಿ ಇರುವುದರ ಸುಖ ಗೊತ್ತಾಗುತ್ತದೆ. ಇನ್ನೊಂದು ವಿಷಯ: ಅವರು ಕೀಬೋರ್ಡಿನಲ್ಲಿ ರೆಡಿಮೇಡ್ ಸ್ಟೈಲ್ (ತಾನಾಗಿ ಓಡುವ ಹಿನ್ನೆಲೆ ವಾದ್ಯಮೇಳ) ಹಾಕಿಕೊಂಡು ನುಡಿಸುವವರಾದರೆ ಅದರೊಳಗೂ ಒಂದು ಬಾಸ್ ಓಡುತ್ತಿರುತ್ತದೆ. ಅದನ್ನು ಮ್ಯೂಟ್ ಮಾಡಿಸಿ.

ಲಯದ ಕಡೆಯೂ ಹೀಗೇ. ತಬಲಾ ಜೋಡಿಯ ದೊಡ್ಡದಾದ ಡಗ್ಗ, ಢೋಲಕಿನ ಎಡಭಾಗ ಎರಡೂ ಆಗಲೇ ‘ಗುಂ’ ಅನ್ನುತ್ತಿರುತ್ತವೆ. ರಾಕ್‌ನಲ್ಲಿ ಮಾಡುವ ಹಾಗೆ ನೀವೂ ಪ್ರತಿ ಏಟಿಗೆ ಹೊಡೆದರೆ ಜಾಗವೇ ಉಳಿಯುವುದಿಲ್ಲ. ಡಗ್ಗ ಜಾರುವ ಕಡೆ ನೀವು ನಿಲ್ಲಿಸಿ, ಅದು ನಿಂತ ಕಡೆ ನೀವು ಹಿಡಿಯಿರಿ. ತಂತಿ ಮೀಟುವುದು ಮಾತ್ರ ಕಲಿತರೆ ಸಾಲದು, ಎಡಗೈ ಬೆರಳು ಸಡಿಲಿಸಿ ನಾದ ನಿಲ್ಲಿಸುವುದನ್ನೂ ಕಲಿಯಬೇಕು. ನನ್ನ ಲೆಕ್ಕದಲ್ಲಿ ಗಿಟಾರಿನಿಂದ ಬಾಸಿಗೆ ಬಂದವರು ಹೊಸದಾಗಿ ಕಲಿಯಬೇಕಾದ ದೊಡ್ಡ ವಿದ್ಯೆ ಅದೇ. ಜಾನಪದ ಧಾಟಿಯ, ಕುಣಿತದ ಹಾಡುಗಳು ಬಹಳಷ್ಟು ಸಿಕ್ಸ್ ಎಯ್ಟ್‌ನಲ್ಲಿ, ಅಂದರೆ ಆರು ಎಣಿಕೆಯ ಲಯದಲ್ಲಿ, ಇರುತ್ತವೆ. ಇಂಗ್ಲಿಷ್ ಪಾಠಗಳು ಮುಕ್ಕಾಲು ಪಾಲು ಫೋರ್ ಫೋರ್, ಅಂದರೆ ನಾಲ್ಕು ಎಣಿಕೆಯವು. ಸಿಕ್ಸ್ ಎಯ್ಟ್ ಮನೆಯಲ್ಲೇ ಕೈ ತಟ್ಟಿ ರೂಢಿ ಮಾಡಿಕೊಳ್ಳಿ.

ಈಗ ಗಾಯಕರ ವಿಷಯ. ಹವ್ಯಾಸಿ ತಂಡದಲ್ಲಿ ಯಾವ ಹಾಡೂ ಅದರ ಮೂಲ ಶ್ರುತಿಯಲ್ಲಿ ಇರುವುದಿಲ್ಲ. ರೆಕಾರ್ಡಿನಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ್ದು ಒಂದು ಕಡೆ, ನಮ್ಮ ಪಕ್ಕದ ಮನೆ ರಾಯರಿಗೆ ಎಟುಕುವುದು ಇನ್ನೊಂದು ಕಡೆ. ಅದೂ ಅವರು ‘ಡಿ ಶಾರ್ಪ್’ ಅಂತ ಹೇಳುವುದಿಲ್ಲ. ಭಜನೆಯಲ್ಲಿ ಹಾರ್ಮೋನಿಯಂ ಜೊತೆ ಹಾಡಿ ಬಂದವರು, ‘ಕಪ್ಪು ಎರಡು’ ಅನ್ನುತ್ತಾರೆ. ಕಪ್ಪು ಒಂದು ಅಂದರೆ ಸಿ ಶಾರ್ಪ್, ಕಪ್ಪು ಎರಡು ಡಿ ಶಾರ್ಪ್, ಬಿಳಿ ನಾಲ್ಕು ಎಫ್, ಬಿಳಿ ಐದು ಜಿ. ಇದು ಬಾಯಿಪಾಠ ಆಗಿರಲಿ. ವೇದಿಕೆ ಮೇಲೆ ಕೊನೇ ಗಳಿಗೆಯಲ್ಲಿ ‘ಗಂಟಲು ಸರಿ ಇಲ್ಲ, ಅರ್ಧ ಇಳಿಸಿ’ ಅನ್ನುವುದು ಮಾಮೂಲು.

ಇಲ್ಲಿ ಬಾಸಿನವರಿಗೆ ಒಂದು ಅನುಕೂಲ ಇದೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಬಟನ್ ಹುಡುಕುವಷ್ಟರಲ್ಲಿ, ಗಿಟಾರಿನವರು ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕುವಷ್ಟರಲ್ಲಿ ನೀವು ಕೈಯನ್ನು ಒಂದು ಮನೆ (ಫ್ರೆಟ್) ಸರಿಸಿದರೆ ಮುಗಿಯಿತು. ಬೆರಳಿನ ವಿನ್ಯಾಸ ಅದೇ. ಅದಕ್ಕೇ ತೆರೆದ ತಂತಿ, ಅಂದರೆ ಬೆರಳಿಂದ ಒತ್ತದ ತಂತಿ, ಬಳಸದೆ ಹಾಡು ಕಲಿಯಿರಿ ಅಂತ ಹೇಳುತ್ತೇನೆ. ಕಷ್ಟ ಬರುವುದು ಒಂದೇ ಕಡೆ. ನಾಲ್ಕು ತಂತಿಯ ಬಾಸ್ ಕೆಳಗೆ ಇ ತನಕ ಹೋಗುತ್ತದೆ, ಅದು ಸುಮಾರು 41 ಹರ್ಟ್ಸ್. ಇ ಶ್ರುತಿಯ ಹಾಡನ್ನು ಡಿಗೆ ಇಳಿಸಿದರೆ ಕೆಳಗಿನ ಡಿ ನಿಮ್ಮ ಹತ್ತಿರ ಇಲ್ಲ. ಎ ತಂತಿಯ ಐದನೇ ಮನೆಯ ಡಿ ಹಿಡಿಯಿರಿ. ಸ್ವಲ್ಪ ತೆಳುವಾಗಿ ಕೇಳುತ್ತದೆ, ಅಷ್ಟೇ. ಹಾಡುವವರಿಗೆ ಆಧಾರ ಸಿಕ್ಕರೆ ಸಾಕು.

ಆಧಾರ ಅಂದೆನಲ್ಲ, ಅದರ ಕಥೆ ಇದು. ಗಾಯಕರು ಎರಡನೇ ಚರಣ ಮರೆತು ನೇರ ಪಲ್ಲವಿಗೆ ಹಾರುತ್ತಾರೆ. ಅಥವಾ ಬಿಜಿಎಂ (ಚರಣಗಳ ನಡುವಿನ ವಾದ್ಯಸಂಗೀತ) ಅರ್ಧ ಇರುವಾಗಲೇ ಹಾಡಲು ಶುರು ಮಾಡುತ್ತಾರೆ. ಪ್ಯಾಡಿನವರಿಗೆ ಏನೂ ನಷ್ಟ ಇಲ್ಲ, ಅವರ ಲಯ ಅದೇ. ಆದರೆ ಕಾರ್ಡ್‌ಗಳು, ಅಂದರೆ ಹಾಡಿನ ಕೆಳಗೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳು? ಆ ಕ್ಷಣ ಕೀಬೋರ್ಡಿನವರೂ ಗಿಟಾರಿನವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಾಸ್ ಯಾವ ಕಡೆ ಹೋದರೆ ಉಳಿದವರೂ ಆ ಕಡೆ ಬರುತ್ತಾರೆ. ನೀವು ಗಾಯಕರ ಕಡೆಗೇ ಹೋಗಬೇಕು, ಹಾಳೆಯಲ್ಲಿ ಬರೆದಿದ್ದರ ಕಡೆಗಲ್ಲ. ಅದಕ್ಕಾಗಿ ಸಾಹಿತ್ಯ ಗೊತ್ತಿರಬೇಕು. ನಾನು ಹೊಸ ಹಾಡು ಕಲಿಯುವಾಗ ಮೊದಲು ಮಾತುಗಳನ್ನು ಕಲಿಯುತ್ತೇನೆ, ಆಮೇಲೆ ಕಾರ್ಡ್. ನಿಲ್ಲುವ ಜಾಗವೂ ಮುಖ್ಯ. ಗಾಯಕರ ಬಾಯಿ ಮತ್ತು ಕೀಬೋರ್ಡಿನವರ ಕೈ ಎರಡೂ ಕಾಣುವ ಹಾಗೆ ನಿಲ್ಲಿ. ಮೂಲೆಯೇ ಸಿಕ್ಕಿದರೂ ಪರವಾಗಿಲ್ಲ, ಅಲ್ಲಿಂದ ಎಲ್ಲ ಚೆನ್ನಾಗಿ ಕಾಣುತ್ತದೆ.

ಏನು ನುಡಿಸುವುದು ಅನ್ನುವುದಕ್ಕೆ ಬರುತ್ತೇನೆ. ಮೊದಲು ಸ ಮತ್ತು ಪ, ಅಂದರೆ ರೂಟ್ ಮತ್ತು ಐದನೆಯದು. ಇದರಲ್ಲೇ ಬಹಳಷ್ಟು ಹಾಡು ದಾಟಬಹುದು. ಆದರೆ ನಮ್ಮ ಹಾಡುಗಳಲ್ಲಿ ರಾಗ ಇರುತ್ತದೆ ಅನ್ನುವುದು ಮರೆಯಬೇಡಿ. ಹಿಂದೋಳದಲ್ಲಿ ಪಂಚಮವೇ ಇಲ್ಲ. ಆ ಧಾಟಿಯ ಹಾಡಿಗೆ ಅಭ್ಯಾಸಬಲದಿಂದ ಪ ಹಾಕಿದರೆ ಮುಂದಿನ ಸಾಲಿನ ಹಿರಿಯರು ತಲೆ ಎತ್ತಿ ನೋಡುತ್ತಾರೆ. ಅಲ್ಲಿ ಸ ಮತ್ತು ಮ. ಯಾವ ರಾಗ ಅಂತ ಗೊತ್ತಾಗದಿದ್ದರೆ ತಂಡದಲ್ಲಿ ಸಂಗೀತ ಕಲಿತ ಗಾಯಕಿ ಯಾರಾದರೂ ಇದ್ದೇ ಇರುತ್ತಾರೆ, ಅವರನ್ನು ಕೇಳಿ. ಯೂಟ್ಯೂಬಿನ ಯಾವ ಮೇಷ್ಟ್ರೂ ಇದನ್ನು ಹೇಳಿಕೊಡಲಿಲ್ಲ, ನೋಡಿ.

ಕಿವಿಗೆ ಪಾಠ ಬೇಕಾದರೆ ರಾಜನ್-ನಾಗೇಂದ್ರ ಅವರ ಎಪ್ಪತ್ತು, ಎಂಬತ್ತರ ದಶಕದ ಹಾಡುಗಳನ್ನು ಕೇಳಿ. ನಮ್ಮೂರಿನ ಅಣ್ಣತಮ್ಮಂದಿರು ಅನ್ನುವ ಪಕ್ಷಪಾತ ನನಗೆ ಸ್ವಲ್ಪ ಇದೆ, ಒಪ್ಪುತ್ತೇನೆ. ಆದರೂ ರಾಗ ಮುಂದೆ ತೇಲುತ್ತಿರುವಾಗ ಕೆಳಗೆ ಗಿಟಾರ್, ಬಾಸ್ ಎಷ್ಟು ಹಗುರವಾಗಿ ಹೆಜ್ಜೆ ಹಾಕುತ್ತವೆ ಗಮನಿಸಿ. ಇಳಯರಾಜ ಅವರದು ಬೇರೆಯೇ ಲೋಕ. ಅವರು ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದವರು. 1981ರ ‘ಗೀತಾ’ ಚಿತ್ರಕ್ಕೆ ಸಂಗೀತ ಕೊಟ್ಟವರು ಅವರೇ. ಅವರ ಹಾಡುಗಳಲ್ಲಿ ಬಾಸ್ ಅನ್ನುವುದು ಇನ್ನೊಂದು ರಾಗದ ಎಳೆ, ಬಿಡಿಸಿ ಹಾಡಿದರೂ ಹಾಡಿನ ಹಾಗೇ ಇರುತ್ತದೆ. ಅಲ್ಲಿ ಸ-ಪ ಹಾಕಿ ದಾಟಿಸಿದರೆ ಹಾಡು ಬೋಳಾಗುತ್ತದೆ. ಹಂಸಲೇಖ ಅವರ ಹಾಡುಗಳಲ್ಲಿ ಏಟು ಬೀಳುವ ಜಾಗ ಜಾಸ್ತಿ, ತಿರುವು ಜಾಸ್ತಿ. ಎರಡನ್ನೂ ಮೊದಲ ವರ್ಷಕ್ಕೆ ಇಟ್ಟುಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ತಂಡದವರು ಒಪ್ಪುವುದಿಲ್ಲ, ನನಗೆ ಗೊತ್ತು. ಕಾರ್ಯಕ್ರಮದ ಪಟ್ಟಿಯಲ್ಲಿ ಅವಿಲ್ಲದಿದ್ದರೆ ಜನ ಬಿಡಬೇಕಲ್ಲ.

ಕಲಿಯುವಾಗ ಇಯರ್‌ಫೋನ್ ಹಾಕಿಕೊಳ್ಳಿ. ಮೊಬೈಲಿನ ಸ್ಪೀಕರ್ ಅಷ್ಟು ಕೆಳಗಿನ ನಾದವನ್ನು ಹೊರಗೆ ಹಾಕುವುದೇ ಇಲ್ಲ. ಹಳೆಯ ರೆಕಾರ್ಡಿಂಗ್‌ಗಳು ಎಷ್ಟೋ ಸಲ ಎರಡು ಮನೆಗಳ ನಡುವೆ ಎಲ್ಲೋ ಇರುತ್ತವೆ. ಟೇಪಿನ ವೇಗದಲ್ಲಿ ಚೂರು ಏರುಪೇರಾದರೂ ಸಾಕು ಹಾಗಾಗುವುದಕ್ಕೆ. ಬಾಸನ್ನು ಅದಕ್ಕೆ ತಿರುಚಲು ಹೋಗಬೇಡಿ, ಶ್ರುತಿ ಬದಲಿಸುವ ಆ್ಯಪ್‌ನಲ್ಲಿ ಹಾಡನ್ನೇ ಸರಿಮಾಡಿಕೊಳ್ಳಿ.

ವೇದಿಕೆಯ ಕರೆಂಟಿನ ಬಗ್ಗೆ ಸ್ವಲ್ಪ ಖಡಕ್ಕಾಗಿ ಹೇಳುತ್ತೇನೆ. ಗಣೇಶನ ಹಬ್ಬ ಬರುವುದು ಮಳೆಗಾಲದಲ್ಲಿ. ಶಾಮಿಯಾನ ಸೋರುತ್ತಿರುತ್ತದೆ, ವೈರ್ ಒದ್ದೆ ನೆಲದ ಮೇಲೆ ಹರಡಿರುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ತಂತಿ ಮೇಲೆ ಕೈ ಇಟ್ಟುಕೊಂಡು ಮೈಕಿಗೆ ತುಟಿ ತಾಗಿಸಿದವರಿಗೆ ಶಾಕ್ ಹೊಡೆಯುತ್ತದೆ. ತಮಾಷೆ ಅಲ್ಲ, ಪ್ರಾಣಕ್ಕೇ ಕುತ್ತು. ಮೊದಲು ಟೆಸ್ಟರ್ ಹಿಡಿಸಿ ನೋಡಿ, ಆಮೇಲೆ ವೇದಿಕೆ ಹತ್ತಿ. ಸೌಂಡಿನವರು ‘ಏನಾಗಲ್ಲ ಸಾರ್’ ಅಂದರೂ ಬಿಡಬೇಡಿ. ಒಂದು ಡಿಐ ಬಾಕ್ಸ್ (ಬಾಸಿನ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಪುಟ್ಟ ಡಬ್ಬಿ) ನಿಮ್ಮದೇ ಇರಲಿ, ಅದರ ಮೂಲಕ ನೇರ ಮಿಕ್ಸರಿಗೆ ಕೊಡಿ. ಹಮ್ಮಿಂಗ್ ಬಂದರೆ ಅದು ನಮ್ಮ ಕರೆಂಟಿನ 50 ಹರ್ಟ್ಸ್‌ನ ಸದ್ದು. ಇ ತಂತಿಯ ಮೂರನೇ ಮನೆಯ ಜಿ 49 ಹರ್ಟ್ಸ್. ಎರಡೂ ಹತ್ತಿರ, ಆದರೆ ಒಂದಲ್ಲ. ಜಿ ಶ್ರುತಿಯ ಹಾಡಿನಲ್ಲಿ ಈ ಹಮ್ ಇದ್ದರೆ ನೀವೇ ಬೇಸುರ ನುಡಿಸಿದ ಹಾಗೆ ಕೇಳುತ್ತದೆ!

ಜನಕ್ಕೆ ಕೇಳಿಸುತ್ತಾ ಅಂತ ಕೇಳಿದ್ದಿರಿ. ಮುಂದೆ ಕೂತವರಿಗೆ ಬಾಸ್ ಅಂತ ಬೇರೆಯಾಗಿ ಕೇಳಿಸುವುದಿಲ್ಲ. ಮನೆಯವರು ಫೋನಿನಲ್ಲಿ ತೆಗೆದ ವಿಡಿಯೊದಲ್ಲಂತೂ ನೀವು ಗಾಳಿಯಲ್ಲಿ ಕೈ ಆಡಿಸಿದ ಹಾಗೆ ಕಾಣುತ್ತೀರಿ. ಆದರೆ ಎರಡು ಬೀದಿ ಆಚೆಯವರಿಗೆ ನೀವು ಮಾತ್ರ ಕೇಳಿಸುತ್ತೀರಿ, ಹಾಡು ಕೇಳಿಸುವುದಿಲ್ಲ! ಕೆಳಗಿನ ನಾದವನ್ನು ಗೋಡೆಗಳು ಅಷ್ಟಾಗಿ ತಡೆಯುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ಹನ್ನೆರಡರವರೆಗೆ ಸಡಿಲಿಕೆ ಕೊಡಬಹುದು. ಒಂಬತ್ತೂವರೆಗೇ ದೂರು ಬಂದರೆ ಸಂಘದವರು ಓಡಿ ಬಂದು ಮೊದಲು ಹೇಳುವುದು ‘ಆ ದಬ್ ದಬ್ ಕಮ್ಮಿ ಮಾಡಿ’ ಅಂತ. ಸಿಟ್ಟು ಮಾಡಿಕೊಳ್ಳದೆ ಕಮ್ಮಿ ಮಾಡಿ.

ಕೊನೆಗೆ ಕೊಳ್ಳುವ ವಿಷಯ. ನಾಲ್ಕು ತಂತಿಯದ್ದು ಸಾಕು. ಐದು ತಂತಿಯದ್ದು ಕೆಳಗಿನ ಡಿಗೆ ಅನುಕೂಲ, ನಿಜ. ಆದರೆ ಹೊಸಬರಿಗೆ ನಾದ ನಿಲ್ಲಿಸುವ ಕೆಲಸ ಇನ್ನಷ್ಟು ಕಷ್ಟ. 1951ರಲ್ಲಿ ಲಿಯೊ ಫೆಂಡರ್ ಪ್ರಿಸಿಷನ್ ಬಾಸ್ ತಂದಾಗ ನುಡಿಯುವ ತಂತಿಯ ಉದ್ದ (ಸ್ಕೇಲ್) 34 ಇಂಚು ಇತ್ತು, ಈಗಲೂ ಹೆಚ್ಚಿನವು ಅದೇ ಅಳತೆಯವು. ಕೈ ಚಿಕ್ಕದು ಅನ್ನಿಸಿದರೆ ಸುಮಾರು 30 ಇಂಚಿನ ಶಾರ್ಟ್ ಸ್ಕೇಲ್ ನೋಡಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರ ಹೆಸರುವಾಸಿ ಹಾಫ್ನರ್ ಬಾಸ್ ಆ ಜಾತಿಯದ್ದೇ, ಅದರಿಂದ ಅವರಿಗೇನೂ ಕಮ್ಮಿಯಾಗಲಿಲ್ಲ ಅಲ್ವಾ. ಸೆಕೆಂಡ್ ಹ್ಯಾಂಡ್ ಆದರೆ ನೆಕ್ ಬಾಗಿದೆಯಾ ಅಂತ ನೋಡಿ, ಪ್ರತಿ ಮನೆಯಲ್ಲೂ ನುಡಿಸಿ ತಂತಿ ಗಿರಗುಟ್ಟುತ್ತದೆಯಾ ಅಂತ ಪರೀಕ್ಷಿಸಿ. ಮನೆಯಲ್ಲಿ ಅಭ್ಯಾಸಕ್ಕೆ ಹೆಡ್‌ಫೋನ್ ಹಾಕುವ ಪುಟ್ಟ ಆಂಪ್ ಸಾಕು. ತಂಡದ ಗಿಟಾರ್ ಆಂಪ್‌ಗೆ ಚುಚ್ಚಿ ಜೋರಾಗಿ ನುಡಿಸಬೇಡಿ, ಸ್ಪೀಕರ್ ಹರಿದುಹೋದರೆ ಆ ಇಬ್ಬರು ಗಿಟಾರಿನವರು ನಿಮ್ಮನ್ನು ಬಿಡುವುದಿಲ್ಲ. ಮತ್ತೆ, ಸ್ಕೂಟರಿನಲ್ಲಿ ಬೆನ್ನಿಗೆ ಹಾಕಿಕೊಂಡು ಹೋಗುವಾಗ ಅದರ ತುದಿ ನಿಮ್ಮ ಹೆಲ್ಮೆಟ್‌ಗಿಂತ ಮೇಲಿರುತ್ತದೆ. ಪೆಂಡಾಲಿನ ಕಮಾನು ಬಂದಾಗ ಬಗ್ಗಿ.