ವಂಶವೃಕ್ಷದ ಚಾರ್ಟ್ ಮಾಡಲು ಹೋದರೆ 'ಮೆಮೊರಿ ಸಾಲದು' ಅನ್ನುತ್ತೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆತನದ ವಂಶವೃಕ್ಷವನ್ನು ಗ್ರಾಂಪ್ಸ್ ತಂತ್ರಾಂಶದಲ್ಲಿ ಹಾಕುತ್ತಿದ್ದೇನೆ. ಸುಮಾರು ಎರಡು ಸಾವಿರ ಹೆಸರುಗಳಾಗಿವೆ. ಹಳೇ ಫೋಟೊ, ಪತ್ರಗಳನ್ನೂ ಸೇರಿಸಿದ್ದೇನೆ. ಹೆಸರು ಸೇರಿಸುವಾಗ ಏನೂ ತೊಂದರೆ ಇಲ್ಲ. ಆದರೆ ಮುತ್ತಜ್ಜನಿಂದ ಶುರುಮಾಡಿ ಎಲ್ಲರನ್ನೂ ಒಂದೇ ಚಾರ್ಟ್‌ಗೆ ತರಲು ಹೋದರೆ ಲ್ಯಾಪ್‌ಟಾಪ್ ನಿಧಾನವಾಗುತ್ತದೆ. ಕೊನೆಗೆ ಮೆಮೊರಿ ಸಾಲದು ಎಂಬ ಸಂದೇಶ ಬಂದು ಪ್ರೋಗ್ರಾಂ ಮುಚ್ಚಿಹೋಗುತ್ತದೆ. 8 ಜಿಬಿ ರ‍್ಯಾಮ್ ಇದೆ. 16 ಮಾಡಿಸಿ ಅಂತ ಅಂಗಡಿಯವರು ಹೇಳುತ್ತಾರೆ. ಮಾಡಿಸಲಾ?
– ಓದುಗರು, ಶಿವಮೊಗ್ಗ

ಉತ್ತರ: ಈಗಲೇ ದುಡ್ಡು ಕೊಡಬೇಡಿ ಸರ್. ಎರಡು ಸಾವಿರ ಹೆಸರು ಕಂಪ್ಯೂಟರ್‌ಗೆ ಭಾರವೇ ಅಲ್ಲ. ಒಬ್ಬರ ಹೆಸರು, ಊರು, ಹುಟ್ಟಿದ ದಿನ, ಟಿಪ್ಪಣಿ ಎಲ್ಲ ಸೇರಿದರೂ ಕೆಲವೇ ಕಿಲೊಬೈಟ್. ನಿಮ್ಮ ಇಡೀ ಮನೆತನದ ಬರಹ ಒಂದೆರಡು ಮೊಬೈಲ್ ಫೋಟೊದಷ್ಟು ಜಾಗ ಹಿಡಿಯಬಹುದು, ಅಷ್ಟೇ. ಹೆಸರು ಸೇರಿಸುವಾಗ ಎಲ್ಲ ಸರಿ, ಚಾರ್ಟ್ ಮಾಡುವಾಗ ಮಾತ್ರ ತೊಂದರೆ ಅಂತ ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ.

ಮೊದಲು ಒಂದು ಪರೀಕ್ಷೆ. ನಿಮ್ಮದು ವಿಂಡೋಸ್ ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಚಾರ್ಟ್ ಶುರುಮಾಡಿ, ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ನೋಡುತ್ತಿರಿ. ಲ್ಯಾಪ್‌ಟಾಪ್‌ನಲ್ಲಿ ಇನ್ನೂ ರ‍್ಯಾಮ್ ಉಳಿದಿದ್ದು, ಪ್ರೋಗ್ರಾಂ 2 ಜಿಬಿ ಹತ್ತಿರ ಬಂದ ಕೂಡಲೇ ಬಿದ್ದರೆ ನಿಮ್ಮದು ಹಳೇ 32 ಬಿಟ್ ಆವೃತ್ತಿ ಇರಬೇಕು. ವಿಂಡೋಸ್‌ನಲ್ಲಿ ಇಂಥ ಪ್ರೋಗ್ರಾಂಗೆ ಸಾಮಾನ್ಯವಾಗಿ ಸಿಗುವುದೇ 2 ಜಿಬಿ, ಹೆಚ್ಚೆಂದರೆ 4. ನೀವು 16 ಅಲ್ಲ, 64 ಜಿಬಿ ಹಾಕಿಸಿದರೂ ಅದು ಆ ಗಡಿ ದಾಟುವುದಿಲ್ಲ. ಬ್ಯಾಕಪ್ ತೆಗೆದು 64 ಬಿಟ್ ಆವೃತ್ತಿ ಹಾಕಿಕೊಳ್ಳಿ. ಗ್ರಾಂಪ್ಸ್ ಉಚಿತ, ಖರ್ಚೇನೂ ಇಲ್ಲ.

ಅದು ಆಗಲೇ 64 ಬಿಟ್ ಆಗಿದ್ದರೆ? ಆಗ ನಿಮ್ಮ ಮನೆತನದ ಮದುವೆಗಳನ್ನು ನೋಡಬೇಕು. ಅಂಗಡಿಯವರಿಗೆ ಇದು ಗೊತ್ತಾಗುವುದಿಲ್ಲ, ಆದರೆ ನಮ್ಮ ಕಡೆಯ ವಂಶವೃಕ್ಷಗಳಲ್ಲಿ ಬಹಳ ಮುಖ್ಯ.

ನಮ್ಮಲ್ಲಿ ಸಂಬಂಧದೊಳಗೇ ಮದುವೆ ಮಾಡುವುದು ಹಿಂದಿನಿಂದ ಬಂದದ್ದು. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ ಮಗನಿಗೆ ಕೊಡುವುದು. ಮುತ್ತಜ್ಜನಿಗೆ ಒಬ್ಬಳು ಮಗಳು, ಒಬ್ಬ ಮಗ ಅಂದುಕೊಳ್ಳಿ. ಮಗಳ ಮಗಳನ್ನು ಆ ಮಗನೇ ಮದುವೆಯಾದ. ಈಗ ಈ ಗಂಡ ಹೆಂಡತಿ ಚಾರ್ಟ್‌ನಲ್ಲಿ ಎರಡು ಕಡೆ ಬರುತ್ತಾರೆ. ಮಗನ ಕವಲಿನಲ್ಲಿ ಒಮ್ಮೆ, ಮಗಳ ಕವಲಿನಲ್ಲಿ ಇನ್ನೊಮ್ಮೆ. ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳೂ ಎರಡೆರಡು ಸಲ. ಅವರ ಸಂತಾನದಲ್ಲೇ ಮತ್ತೆ ಇಂಥದೇ ಮದುವೆಯಾದರೆ ಅದರ ಕೆಳಗಿನವರು ನಾಲ್ಕು ಸಲ. ಮೂರನೇ ಬಾರಿಗೆ ಎಂಟು ಸಲ. ಪಟ್ಟಿಯಲ್ಲಿ ಇರುವವರು ಎರಡೇ ಸಾವಿರ ಜನ. ಆದರೆ ಚಾರ್ಟ್‌ಗೆ ಬೇಕಾಗುವ ಚೌಕಗಳು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಇದು ತಂತ್ರಾಂಶದ ದೋಷವಲ್ಲ, ನೀವು ತಪ್ಪು ಹಾಕಿದ್ದೀರಿ ಅಂತಲೂ ಅಲ್ಲ. ದಯವಿಟ್ಟು ಚಾರ್ಟ್ ಚಿಕ್ಕದಾಗಲಿ ಅಂತ ನಿಜವಾದ ಸಂಬಂಧವನ್ನು ಅಳಿಸಬೇಡಿ. ಚಾರ್ಟ್‌ನ ಬಗೆ ಬದಲಿಸಿ. ಗ್ರಾಂಪ್ಸ್‌ನಲ್ಲಿ ರಿಲೇಷನ್‌ಶಿಪ್ ಗ್ರಾಫ್ ಅಂತ ಒಂದು ಇದೆ. ಅದರಲ್ಲಿ ಒಬ್ಬರಿಗೆ ಒಂದೇ ಚೌಕ. ಸಂಬಂಧದ ಮದುವೆಯನ್ನು ಗೆರೆ ಎಳೆದು ತೋರಿಸುತ್ತದೆ. ನಮ್ಮಂಥ ಕುಟುಂಬಗಳಿಗೆ ಇದೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ, ಯಾಕೆಂದರೆ ಯಾರು ಯಾರಿಗೆ ಎರಡು ಕಡೆಯಿಂದ ನೆಂಟರು ಅಂತ ಕಣ್ಣಿಗೆ ಕಾಣುತ್ತದೆ. ಗೆರೆಗಳು ಜಾಸ್ತಿಯಾದಷ್ಟೂ ಇದಕ್ಕೂ ಹೊತ್ತು ಹಿಡಿಯುತ್ತದೆ. ಹಾಗಾಗಿ ಮೊದಲು ನಾಲ್ಕು ತಲೆಮಾರು ಮಾತ್ರ ತೆಗೆಯಿರಿ. ಅದು ಬಂದರೆ ಐದು, ಆಮೇಲೆ ಆರು. ಎಲ್ಲಿ ಮೆಮೊರಿ ದಿಢೀರನೆ ಏರುತ್ತದೋ ಆ ತಲೆಮಾರಿನಿಂದ ಮುಂದಕ್ಕೆ ಒಂದೊಂದು ಕವಲಿಗೆ ಒಂದೊಂದು ಚಾರ್ಟ್ ಮಾಡಿ.

ಇನ್ನು ಫೋಟೊ. 24 ಮೆಗಾಪಿಕ್ಸೆಲ್ ಫೋಟೊ ಡಿಸ್ಕ್‌ನಲ್ಲಿ ಏಳೆಂಟು ಎಂಬಿ ಇರಬಹುದು. ಆದರೆ ಅದು ಕುಗ್ಗಿಸಿಟ್ಟ ಅಳತೆ. ತೆರೆದಾಗ ಒಂದೊಂದು ಪಿಕ್ಸೆಲ್‌ಗೂ ಮೂರು ಬೈಟ್ ಬೇಕು, ಅಂದರೆ 72 ಎಂಬಿ. ಅಂಥ ನೂರು ಫೋಟೊ ಒಟ್ಟಿಗೆ ತೆರೆದರೆ 7 ಜಿಬಿ ಮುಗಿಯಿತು. ಎ4 ಅಳತೆಯ ಹಳೇ ಪತ್ರವನ್ನು 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕೆಯಂತೆ) ಬಣ್ಣದ ಸ್ಕ್ಯಾನ್ ಮಾಡಿದ್ದರೆ ಒಂದು ಹಾಳೆಗೇ ಸುಮಾರು 100 ಎಂಬಿ. ಚಾರ್ಟ್‌ನ ಆಯ್ಕೆಗಳಲ್ಲಿ ಫೋಟೊ ಬೇಡ ಅಂತ ಗುರುತು ತೆಗೆದು ಒಮ್ಮೆ ನೋಡಿ. ಸಲೀಸಾಗಿ ಬಂದರೆ ಕಾರಣ ಸಿಕ್ಕಿತು ಅಲ್ವಾ? ಆಗ ಮೂಲ ಫೋಟೊಗಳನ್ನು ಬೇರೆ ಫೋಲ್ಡರ್‌ನಲ್ಲಿ ಭದ್ರವಾಗಿಟ್ಟು, 800 ಪಿಕ್ಸೆಲ್ ಅಗಲದ ಚಿಕ್ಕ ಪ್ರತಿಗಳನ್ನು ವಂಶವೃಕ್ಷಕ್ಕೆ ಜೋಡಿಸಿ. ಗ್ರಾಂಪ್ಸ್ ಫೋಟೊವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಇಟ್ಟುಕೊಳ್ಳುತ್ತದೆ. ಹಾಗಾಗಿ ಫೋಲ್ಡರ್‌ನ ಹೆಸರು, ಜಾಗ ಸುಮ್ನೆ ಬದಲಿಸಬೇಡಿ.

ಗೋಡೆಗೆ ಹಾಕುವ ದೊಡ್ಡ ಚಾರ್ಟ್ ಆದರೆ ಜೆಪೆಗ್ ಆಗಿ ತೆಗೆಯಬೇಡಿ. ಮೂರು ಮೀಟರ್ ಉದ್ದ, ಒಂದು ಮೀಟರ್ ಎತ್ತರದ ಚಿತ್ರಕ್ಕೆ 300 ಡಿಪಿಐ ಲೆಕ್ಕದಲ್ಲಿ ಸುಮಾರು 42 ಕೋಟಿ ಪಿಕ್ಸೆಲ್. ಅಷ್ಟಕ್ಕೇ ಒಂದೂಕಾಲು ಜಿಬಿ ದಾಟುತ್ತದೆ. ಪಿಡಿಎಫ್ ಆಗಿ ತೆಗೆದರೆ ಗೆರೆ ಮತ್ತು ಅಕ್ಷರಗಳ ವಿವರ ಮಾತ್ರ ಇರುತ್ತದೆ, ಫೈಲ್ ಚಿಕ್ಕದಾಗುತ್ತದೆ, ಎಷ್ಟು ದೊಡ್ಡದು ಮಾಡಿದರೂ ಅಕ್ಷರ ಮಸುಕಾಗುವುದಿಲ್ಲ. ಫ್ಲೆಕ್ಸ್ ಅಂಗಡಿಗೆ ಪಿಡಿಎಫ್ ಕೊಟ್ಟರೆ ಸಾಕು.

ಸಿ ಡ್ರೈವ್ ತುಂಬಿದೆಯಾ ಅಂತಲೂ ನೋಡಿಕೊಳ್ಳಿ. ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕ್‌ನ ಒಂದು ಭಾಗವನ್ನು ಮೆಮೊರಿಯಂತೆ ಬಳಸುತ್ತದೆ. ಅಲ್ಲಿ ಜಾಗ ಇಲ್ಲದಿದ್ದರೆ ಇದೇ ಸಂದೇಶ ಬರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ 64 ಬಿಟ್ ಆವೃತ್ತಿ 8 ಜಿಬಿ ಪೂರ್ತಿ ಬಳಸಿ ನಿಲ್ಲುತ್ತಿದ್ದರೆ, ಆಗ ಧಾರಾಳವಾಗಿ 16 ಮಾಡಿಸಿ.

ಪ್ರಶ್ನೆ: ನನ್ನದು ಬೇರೆ, ಹಳೇ ತಂತ್ರಾಂಶ. ಒಂದೇ ಹೆಸರು ಎರಡೆರಡು ಸಲ ಬಂದಿದೆ ಅಂತ ಕಳೆದ ತಿಂಗಳು ಕೆಲವನ್ನು ಒಂದುಗೂಡಿಸಿದೆ. ಅಂದಿನಿಂದ ನಮ್ಮ ಅಜ್ಜನ ಪೂರ್ವಜರನ್ನು ತೋರಿಸು ಅಂದರೆ ಪ್ರೋಗ್ರಾಂ ಗರ ಬಡಿದಂತೆ ನಿಲ್ಲುತ್ತದೆ. ಮೆಮೊರಿ ಏರುತ್ತಲೇ ಹೋಗುತ್ತದೆ. ರ‍್ಯಾಮ್ ಕೆಟ್ಟಿದೆಯಾ?
– ಓದುಗರು, ಧಾರವಾಡ

ಉತ್ತರ: ರ‍್ಯಾಮ್ ಕೆಟ್ಟಿದ್ದರೆ ಬ್ರೌಸರ್, ವರ್ಡ್ ಎಲ್ಲದರಲ್ಲೂ ತೊಂದರೆ ಕಾಣುತ್ತಿತ್ತು, ನೀಲಿ ಪರದೆ ಬರುತ್ತಿತ್ತು. ಒಬ್ಬರ ಹೆಸರು ಒತ್ತಿದಾಗ ಮಾತ್ರ ಹೀಗಾದರೆ ಮಾಹಿತಿಯಲ್ಲಿ ಸುತ್ತು ಬಿದ್ದಿದೆ ಅಂತ ಅರ್ಥ.

ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತೇವೆ. ಊರೂ ಒಂದೇ, ಮನೆತನದ ಹೆಸರೂ ಒಂದೇ. ಹುಟ್ಟಿದ ವರ್ಷ ಬರೆಯದಿದ್ದರೆ ತಂತ್ರಾಂಶಕ್ಕೆ ಇಬ್ಬರೂ ಒಬ್ಬರೇ ಅನ್ನಿಸುತ್ತದೆ. ಅಜ್ಜ, ಮೊಮ್ಮಗನನ್ನು ಒಂದುಗೂಡಿಸಿಬಿಟ್ಟರೆ ಆ ವ್ಯಕ್ತಿ ತನಗೆ ತಾನೇ ಅಜ್ಜನಾಗುತ್ತಾನೆ. ಮೇಲಕ್ಕೆ ಹತ್ತುತ್ತಾ ಹೋದ ಪ್ರೋಗ್ರಾಂ ಮತ್ತೆ ಅಲ್ಲಿಗೇ ಬರುತ್ತದೆ, ಮತ್ತೆ ಹತ್ತುತ್ತದೆ. ಇದನ್ನು ತಡೆಯುವ ವ್ಯವಸ್ಥೆ ಇಲ್ಲದ ತಂತ್ರಾಂಶ ಮೆಮೊರಿ ಮುಗಿಯುವ ತನಕ ಸುತ್ತುತ್ತಲೇ ಇರುತ್ತದೆ.

ತಲೆಮಾರಿನ ಮಿತಿಯನ್ನು ಐದಕ್ಕೆ ಇಳಿಸಿ ಅಜ್ಜನ ಪೂರ್ವಜರನ್ನು ನೋಡಿ. ಪ್ರತಿಯೊಬ್ಬರಿಗೂ ತಂತ್ರಾಂಶ ಕೊಟ್ಟ ಒಂದು ಗುರುತಿನ ಸಂಖ್ಯೆ ಇರುತ್ತದೆ. ಒಂದೇ ಸಂಖ್ಯೆ ಎರಡು ಬೇರೆ ಕವಲುಗಳಲ್ಲಿ ಬಂದರೆ ಅದು ಸಂಬಂಧದ ಮದುವೆ, ಸರಿಯಾಗಿಯೇ ಇದೆ. ಅದೇ ಸಂಖ್ಯೆ ತನ್ನದೇ ಸಾಲಿನ ಮೇಲೆ ಮತ್ತೆ ಬಂದರೆ ಅಲ್ಲೇ ತಪ್ಪಿದೆ. ಒಂದುಗೂಡಿಸುವ ಮುಂಚಿನ ಬ್ಯಾಕಪ್ ಇದ್ದರೆ ಅದಕ್ಕೆ ಮರಳುವುದೇ ಒಳ್ಳೆಯದು. ಇಲ್ಲದಿದ್ದರೆ ಹೊಸದಾಗಿ ಒಬ್ಬ ವ್ಯಕ್ತಿಯನ್ನು ಸೇರಿಸಿ, ಮೊಮ್ಮಗನ ತಂದೆ ತಾಯಿ, ಹೆಂಡತಿ, ಮಕ್ಕಳನ್ನು ಅವನಿಗೆ ವರ್ಗಾಯಿಸಿ. ಇಬ್ಬರಿಗೂ ಹುಟ್ಟಿದ ವರ್ಷವನ್ನು ಅಂದಾಜಿನಲ್ಲಾದರೂ ಬರೆಯಿರಿ.

ಕೈ ಹಾಕುವ ಮುನ್ನ ಗೆಡ್‌ಕಾಮ್ ಪ್ರತಿ (ಬೇರೆ ಬೇರೆ ವಂಶವೃಕ್ಷ ತಂತ್ರಾಂಶಗಳು ಓದಬಲ್ಲ ಫೈಲ್) ಒಂದನ್ನು ತೆಗೆದಿಡಿ. ಉಳಿಸುವಾಗ ಅಕ್ಷರಗಳ ಸಂಕೇತಕ್ರಮವಾಗಿ (ಎನ್‌ಕೋಡಿಂಗ್) ಯುಟಿಎಫ್-8 ಆರಿಸಿ, ಇಲ್ಲದಿದ್ದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡಬಹುದು. 5.5.1 ಆವೃತ್ತಿಯ ಗೆಡ್‌ಕಾಮ್ ಬರೀ ಅಕ್ಷರಗಳ ಫೈಲ್, ಅದರಲ್ಲಿ ಫೋಟೊ ಬರುವುದಿಲ್ಲ. ಫೋಟೊ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಬೇರೆಯಾಗಿ ನಕಲು ಮಾಡಿಕೊಳ್ಳಿ.