ಆ ಲೆಕ್ಕದಲ್ಲಿ ನನ್ನ ಸಂಬಳ ಎಲ್ಲಿದೆ?

ಕೈಯಲ್ಲಿ ಕಾಸಿಲ್ಲದಿದ್ದರೂ ಸಾಲದ ಬಲದಿಂದಲೇ ಬಾಡಿಗೆ ಮನೆಗಳ ಮಾಲೀಕರಾಗಬಹುದು ಎಂಬ ಮಾತನ್ನು ನಂಬಿ, ಸಂಸಾರ ಕೆಡಿಸಿಕೊಂಡು ನನ್ನ ಬಳಿ ಆಪ್ತಸಲಹೆಗೆ ಬರುವವರು ಹೆಚ್ಚಾಗಿದ್ದಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಮನೆಯ ಬೆಲೆಯ ಶೇ. 90ರಷ್ಟಕ್ಕೆ ಗೃಹಸಾಲ, ಉಳಿದ ಶೇ. 10ಕ್ಕೆ ವೈಯಕ್ತಿಕ ಸಾಲ, ಕಂತನ್ನೆಲ್ಲ ಬಾಡಿಗೆಯೇ ತೀರಿಸುತ್ತದೆ ಎಂಬುದು ಗಂಡನ ಯೋಜನೆ. ಎರಡನೇ ಸಾಲಕ್ಕೆ ಅರ್ಜಿ ಹಾಕಿದ್ದು ಹೆಂಡತಿಗೆ ಗೊತ್ತಿರಲಿಲ್ಲ.

ಮುಂದಿನ ಭೇಟಿಗೆ ಗಂಡ ಲೆಕ್ಕದ ಹಾಳೆ ತಂದರು. ಅಚ್ಚುಕಟ್ಟಾಗಿ ಗೆರೆ ಎಳೆದು ಒಂದು ಕಡೆ ಹನ್ನೆರಡು ತಿಂಗಳ ಬಾಡಿಗೆ, ಇನ್ನೊಂದು ಕಡೆ ಕಂತು. ಮನೆ ಮೂರು ತಿಂಗಳು ಖಾಲಿ ಬಿದ್ದಿತು ಅಂದುಕೊಳ್ಳಿ ಎಂದೆ. ಮೂರು ಬಾಡಿಗೆಯ ಮೇಲೆ ಗೀಟು ಹಾಕಿದರು. ರಿಪೇರಿ, ತೆರಿಗೆ, ನೋಂದಣಿ ಖರ್ಚು ಬರೆದರು. ಅಲ್ಲಿಗೆ ಪೆನ್ನು ನಿಂತಿತು. ಹೆಂಡತಿ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು.

"ಈ ಕೊರತೆ ತುಂಬೋದು ನನ್ನ ಸಂಬಳ ತಾನೇ? ಅದನ್ನ ಎಲ್ಲೂ ಬರೆದೇ ಇಲ್ವಲ್ಲ ನೀವು?"

"ಕೇಳಿದ್ರೆ ಬೇಡ ಅಂತಿದ್ದೆ," ಎಂದರು ಗಂಡ, ತಲೆ ಎತ್ತದೆ.

ಹಣದ ವಿಷಯಕ್ಕೆ ಆಪ್ತಸಲಹೆಗಾರರು ತಲೆಹಾಕಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಚ್ಚಿಟ್ಟ ಸಾಲವನ್ನು ಹಾಗೇ ಬಿಟ್ಟು ಪ್ರೀತಿಯ ಬಗ್ಗೆ ಎಷ್ಟು ಮಾತಾಡಿದರೂ ಪ್ರಯೋಜನವಿಲ್ಲ. ನೂರು ರೂಪಾಯಿಯ ಆಸ್ತಿಯಲ್ಲಿ ಸ್ವಂತದ್ದು ಹತ್ತು ರೂಪಾಯಿ ಇದ್ದು, ಬೆಲೆ ಶೇ. 10 ಏರಿದರೆ ಆ ಹತ್ತು ಇಪ್ಪತ್ತಾಗುತ್ತದೆ. ಆಸೆ ಹುಟ್ಟಿಸುವವರು ಹೇಳುವುದು ಇಷ್ಟನ್ನೇ. ಅಷ್ಟೇ ಇಳಿದರೆ ಹತ್ತೂ ಹೋಗುತ್ತದೆ. ಆ ಹತ್ತೂ ಸಾಲದ್ದಾಗಿದ್ದರೆ, ಮನೆ ಮಾರಿದ ಮೇಲೂ ಕಂತು ಕಟ್ಟುತ್ತಿರಬೇಕು.

ಹಾಗೆಂದು ಬಡವರು ಆಸ್ತಿಯ ಕನಸು ಕಾಣಬಾರದು ಎಂದು ನಾನು ಹೇಳಲಿಲ್ಲ. ಕೈಯಿಂದ ಹಾಕಬೇಕಾದ ಮುಂಗಡಕ್ಕೆ ಸಾಲ ಬೇಡ ಎಂದೆ. ಕಂತು ಎಷ್ಟು ಬರುತ್ತದೋ ಅಷ್ಟನ್ನು ಒಂದು ವರ್ಷ ಪ್ರತಿ ತಿಂಗಳು ಜಂಟಿ ಖಾತೆಗೆ ಹಾಕಿ ನೋಡಿ. ತಾಳಿಕೊಳ್ಳಲು ಆಗುತ್ತದೋ ಇಲ್ಲವೋ ತಿಳಿಯುತ್ತದೆ, ಮುಂಗಡವೂ ಬೆಳೆಯುತ್ತದೆ. ಆರು ತಿಂಗಳ ಕಂತಿನಷ್ಟು ಹಣ ಬೇರೆಯಾಗಿ ಎತ್ತಿಟ್ಟಿರಲಿ. ಕೊಳ್ಳುವಾಗ ಎರಡು ಭಾಗದ ಮನೆ ನೋಡಿ, ಒಂದರಲ್ಲಿ ನೀವಿದ್ದು ಇನ್ನೊಂದನ್ನು ಬಾಡಿಗೆಗೆ ಕೊಡಬಹುದು. ಅಷ್ಟೂ ಕಾಯಲಾಗದಿದ್ದರೆ ರೀಟ್ (REIT) ಇದೆ, ಅಂದರೆ ಹಲವರ ಹಣ ಸೇರಿಸಿ ಬಾಡಿಗೆ ಕಟ್ಟಡಗಳಲ್ಲಿ ಹೂಡುವ ಸಂಸ್ಥೆ. ಅಮೆರಿಕದಲ್ಲಿ 1960ರ ಕಾನೂನಿನಿಂದ ಹುಟ್ಟಿದ ಈ ವ್ಯವಸ್ಥೆ ಈಗ ಹಲವು ದೇಶಗಳಲ್ಲಿದೆ. ದೊಡ್ಡ ಕಟ್ಟಡಗಳ ಬಾಡಿಗೆಯಲ್ಲಿ ಸಣ್ಣ ಪಾಲನ್ನು ಷೇರಿನಂತೆ ಕೊಳ್ಳಬಹುದು. ಅದರ ಬೆಲೆಯೂ ಇಳಿಯಬಹುದು, ಆದರೆ ಸಾಲ ಮಾಡದೆ ಕೊಂಡರೆ ಯಾರೂ ಕಂತು ಕೇಳಿಕೊಂಡು ಬರುವುದಿಲ್ಲ.

ಗಂಡ ಅರ್ಜಿ ಹಿಂತೆಗೆದುಕೊಂಡರು. ಒಳ್ಳೆಯ ಮನೆ ತಪ್ಪಿಹೋಯಿತು ಎಂಬ ಬೇಸರ ಅವರಿಗೆ ನನ್ನ ಮೇಲೆ ಇನ್ನೂ ಇದೆ. ಜಂಟಿ ಖಾತೆಗೆ ಮಾತ್ರ ಇಬ್ಬರೂ ತಪ್ಪದೆ ಹಣ ಹಾಕುತ್ತಿದ್ದಾರೆ.