ಕೀಲು ಊದಿದರೆ ಚೀಟಿಯಲ್ಲಿ ಯಾವ ವಿಭಾಗ ಬರೆಸಬೇಕು?

ಪುಣೆಯಲ್ಲಿ ಕೀಲುವಾತ ನೋಡುವ ಡಾಕ್ಟರ್ ನಾನು. ನನ್ನ ಹತ್ತಿರ ಬರುವ ಕನ್ನಡದವರಲ್ಲಿ ಮಿಲಿಟರಿ ಪೆನ್ಷನ್‌ದಾರರು, ಅವರ ಮನೆಯವರು ಬಹಳ. ಪತ್ರಗಳೂ ಅವರವೇ ಜಾಸ್ತಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಮಾಡಿಸುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ, ಅದು ನಿಮ್ಮೆಲ್ಲರಿಗೂ ಗೊತ್ತು. ಕಾರ್ಡ್ ಕೈಯಲ್ಲಿದ್ದೂ ಒಂದೂವರೆ ವರ್ಷ ಕಳೆದುಕೊಂಡವರ ಪತ್ರ ಮತ್ತೆ ಬಂದಿದೆ. ಅದಕ್ಕೆ ಮೊದಲು ಉತ್ತರ.

ಪ್ರಶ್ನೆ: ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ರಿಟೈರ್ ಆಗಿ ದಿಘಿಯಲ್ಲಿದ್ದೇನೆ. ಹೆಂಡತಿಗೆ 46 ವರ್ಷ. ಒಂದೂವರೆ ವರ್ಷದಿಂದ ಎರಡೂ ಕೈಯ ಬೆರಳಿನ ಗೆಣ್ಣುಗಳು ಊದಿವೆ. ಬೆಳಿಗ್ಗೆ ಎದ್ದ ಮೇಲೆ ಎರಡು ಗಂಟೆ ಮುಷ್ಟಿ ಹಿಡಿಯಲು ಆಗುವುದಿಲ್ಲ. ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಿಂದ ಮೂರು ಸಲ ಮೂಳೆ ಡಾಕ್ಟರಿಗೆ ರೆಫರಲ್ ಆಯಿತು. ಎಕ್ಸ್‌ರೇ ನಾರ್ಮಲ್ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ಸ್ವಂತ ದುಡ್ಡಿನಲ್ಲೇ ತೋರಿಸಬೇಕಾ?

ಉತ್ತರ: ಬೇಡ. ನಿಮಗೆ ಬೇಕಾದದ್ದು ರೆಫರಲ್ ಚೀಟಿಯ ಮೇಲೆ ಬೇರೆ ಒಂದು ಪದ: ರುಮಟಾಲಜಿ, ಅಂದರೆ ಕೀಲುವಾತದ ವಿಭಾಗ. ಆರ್ಥೋಪೆಡಿಕ್ಸ್ ಎಂದು ಬರೆದ ಚೀಟಿ ಹಿಡಿದು ಬಂದರೆ ನಾನು ಎದುರಿಗೇ ಕೂತಿದ್ದರೂ ಕೌಂಟರಿನವರು ಒಳಗೆ ಬಿಡುವುದಿಲ್ಲ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ರುಮಟಾಯ್ಡ್ ಸಂಧಿವಾತದ ಅನುಮಾನ ಮೊದಲು ಬರುತ್ತದೆ. ಅದು ಮೂಳೆ ಸವೆದು ಬರುವ ಕಾಯಿಲೆಯಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲಿನ ಒಳಪದರದ ಮೇಲೆ ಬೀಳುತ್ತದೆ.

ಪಾಲಿಕ್ಲಿನಿಕ್‌ನಲ್ಲಿ "ಕೈ ನೋವು ಸರ್" ಎಂದಷ್ಟೇ ಹೇಳಿದರೆ ಮತ್ತೆ ಮೂಳೆ ಡಾಕ್ಟರಿಗೇ ಬರೆಯುತ್ತಾರೆ. ಕಾಗದದಲ್ಲಿ ಬರೆದುಕೊಂಡು ಹೋಗಿ. ಯಾವ ಯಾವ ಗೆಣ್ಣು ಊದಿದೆ, ಎಷ್ಟು ತಿಂಗಳಾಯಿತು, ಬೆಳಗಿನ ಬಿಗಿತ ಎಷ್ಟು ಹೊತ್ತು. ಸಣ್ಣ ಕೀಲುಗಳ ಊತ ಆರು ವಾರ ದಾಟಿದೆ, ಬಿಗಿತ ಒಂದು ಗಂಟೆಗಿಂತ ಜಾಸ್ತಿ ಇದೆ ಎಂದರೆ ಯಾವ ಮೆಡಿಕಲ್ ಆಫೀಸರ್ ಆದರೂ ಯೋಚನೆ ಮಾಡುತ್ತಾರೆ. ಆಗಲೂ ಒಪ್ಪದಿದ್ದರೆ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ರಕ್ತಪರೀಕ್ಷೆ ಬರೆದುಕೊಡಿ ಎಂದು ಕೇಳಿ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದರೆ ಸುಮ್ಮನಾಗಬೇಡಿ, ಅದು ನೆಗೆಟಿವ್ ಇದ್ದೂ ಈ ಕಾಯಿಲೆ ಇರುತ್ತದೆ. ಎಕ್ಸ್‌ರೇ ನಾರ್ಮಲ್ ಇರುವುದು ಒಳ್ಳೆಯ ಸುದ್ದಿ. ಕೀಲು ಇನ್ನೂ ಕೆಟ್ಟಿಲ್ಲ, ಉಳಿಸಬಹುದು. ಆದರೆ ಹಾನಿ ಬಹಳಷ್ಟು ಆಗುವುದು ಮೊದಲ ಎರಡು ವರ್ಷದಲ್ಲೇ. ಈ ವಾರವೇ ಹೋಗಿ.

ಕಮಾಂಡ್ ಹಾಸ್ಪಿಟಲ್‌ಗೆ ಬರೆದರೆ ಬೇಸರ ಮಾಡಬೇಡಿ. ಎಎಫ್‌ಎಂಸಿ (ಸೇನೆಯ ವೈದ್ಯಕೀಯ ಕಾಲೇಜು) ವಿದ್ಯಾರ್ಥಿಗಳು ಕಲಿಯುವ ಆಸ್ಪತ್ರೆ ಅದು. ಹೊರಗಿನ ಎಂಪ್ಯಾನೆಲ್ (ಯೋಜನೆಯ ಪಟ್ಟಿಯಲ್ಲಿರುವ) ಆಸ್ಪತ್ರೆಗೆ ಬರೆದರೆ, ಅಲ್ಲಿ ರುಮಟಾಲಜಿಗೂ ಎಂಪ್ಯಾನೆಲ್ ಆಗಿದೆಯಾ ಎಂದು ಮೊದಲೇ ಫೋನ್ ಮಾಡಿ ಕೇಳಿ. ಬೋರ್ಡ್ ಇದ್ದ ಮಾತ್ರಕ್ಕೆ ಎಲ್ಲ ವಿಭಾಗವೂ ಸಿಗುವುದಿಲ್ಲ.

ಇನ್ನು ಔಷಧ. ಬಹುಶಃ ಮೆಥೋಟ್ರೆಕ್ಸೇಟ್ ಶುರುವಾಗುತ್ತದೆ, ರಕ್ಷಣಾ ವ್ಯವಸ್ಥೆಯ ಆ ದಾಳಿ ತಗ್ಗಿಸುವ ಮಾತ್ರೆ. ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದವರನ್ನು ಬಾಯಿತುಂಬ ಹುಣ್ಣು, ರಕ್ತಕಣ ಇಳಿದ ಸ್ಥಿತಿಯಲ್ಲಿ ಐಸಿಯುನಲ್ಲಿ ನೋಡಿದ್ದೇನೆ. ಅಂದಿನಿಂದ ನನ್ನ ಚೀಟಿಯಲ್ಲಿ "ಭಾನುವಾರ ಮಾತ್ರ" ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಪಾಲಿಕ್ಲಿನಿಕ್‌ನಲ್ಲಿ ಒಂದು ತಿಂಗಳು ಒಂದು ಕಂಪನಿಯದು, ಮುಂದಿನ ತಿಂಗಳು ಇನ್ನೊಂದು ಕಂಪನಿಯದು ಸಿಗಬಹುದು. ಕಂಪನಿ ಬದಲಾದರೆ ಚಿಂತೆಯಿಲ್ಲ, ಎಂಜಿ ಬದಲಾಗಿದೆಯಾ ನೋಡಿ. 2.5 ಎಂಜಿಯ ಆರು ಮಾತ್ರೆ ನುಂಗುತ್ತಿದ್ದವರು 10 ಎಂಜಿಯ ಆರು ನುಂಗಿದರೆ ನಾಲ್ಕು ಪಟ್ಟು ಆಯಿತು!

ಸ್ಟಾಕ್ ಇಲ್ಲ ಎಂದರೆ ಬರಿಗೈಯಲ್ಲಿ ಮನೆಗೆ ಬರಬೇಡಿ. ಔಷಧ ಲಭ್ಯವಿಲ್ಲ ಎಂದು ಬರೆಸಿಕೊಳ್ಳಿ, ಹೊರಗೆ ಕೊಳ್ಳಿ, ಬಿಲ್ ಹಾಕಿ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹೋಗುವ ಅಭ್ಯಾಸ ಇಟ್ಟುಕೊಳ್ಳಿ. ಇದರ ಗುಣ ಕಾಣಲು 6ರಿಂದ 12 ವಾರ ಬೇಕು. ಮೂರನೇ ವಾರಕ್ಕೇ "ಏನೂ ಆಗಲಿಲ್ಲ" ಎಂದು ಬಿಟ್ಟವರು ಎಷ್ಟೋ ಜನ. ರಕ್ತ, ಲಿವರ್ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಇದೇ ಮಾತ್ರೆ ತಿನ್ನುವ ಮಾಜಿ ಸೈನಿಕರಿಗೂ ಒಂದು ಮಾತು: ಕ್ಯಾಂಟೀನ್ ರಮ್ ಬಿಡಿ. ಲಿವರ್ ಒಂದೇ ಇರುವುದು.

ಪ್ರಶ್ನೆ: ಮೊಸರು, ಹುಣಸೆಹಣ್ಣು, ಟೊಮೆಟೊ ಬಿಡಬೇಕಾ?

ಉತ್ತರ: ಬೇಡ, ಊಟ ಮಾಡಿ.

ಪ್ರಶ್ನೆ: ಕಾರ್ಡ್ ಬೆಳಗಾವಿಯದು, ಮಗನ ಜೊತೆ ಗೋವಾದಲ್ಲಿದ್ದೇನೆ. ಇಲ್ಲಿ ನಡೆಯುತ್ತದಾ?

ಉತ್ತರ: ನಡೆಯುತ್ತದೆ. ದೇಶದ ಯಾವ ಪಾಲಿಕ್ಲಿನಿಕ್‌ನಲ್ಲಾದರೂ ತೋರಿಸಬಹುದು. ಹಳೆಯ ಚೀಟಿಗಳ ಫೈಲ್ ಜೊತೆಗಿರಲಿ.

ಪ್ರಶ್ನೆ: ಊರ ಕಡೆಯ ಒಬ್ಬರು ಕೊಡುವ ಪುಡಿಯಿಂದ ಎರಡೇ ದಿನದಲ್ಲಿ ನೋವು ಹೋಯಿತು. ಮುಂದುವರಿಸಲಾ?

ಉತ್ತರ: ಎರಡು ದಿನದಲ್ಲಿ ಈ ನೋವು ಓಡಿಸುವ ಪುಡಿಯಲ್ಲಿ ಸ್ಟಿರಾಯ್ಡ್ ಇದೆ ಎಂದೇ ನಾನು ಹಿಡಿಯುತ್ತೇನೆ. ಆಮೇಲೆ ಮುಖ ಊದುತ್ತದೆ, ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಒಳಗೆ ಏನಿದೆ ಎಂದು ಹೇಳದೆ ಇಂಥದ್ದು ಕೊಡುವವರ ಮೇಲೆ ನನಗೆ ಕಡುಕೋಪವಿದೆ. ಆದರೆ ತಿಂಗಳುಗಟ್ಟಲೆ ತಿಂದಿದ್ದರೆ ಇವತ್ತೇ ಥಟ್ಟನೆ ನಿಲ್ಲಿಸಬೇಡಿ, ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಪುಡಿಯನ್ನು ಪೊಟ್ಟಣ ಸಮೇತ ತೆಗೆದುಕೊಂಡು ನಾಳೆ ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋಗಿ. ನಿಧಾನವಾಗಿ ಬಿಡಿಸುವುದು ಹೇಗೆ ಎಂದು ಅವರು ಹೇಳುತ್ತಾರೆ.